ಸಾವೊಂದಿದ್ದರೆ ದುರಂತವಾಯಿತೆ?

'ದುರಂತ' ಎನ್ನುವ ಪದವನ್ನು ಈಗ ಪತ್ರಿಕೆಗಳವರು ಪೂರ್ತಿ ಗುತ್ತಿಗೆಗೆ ತೆಗೆದುಕೊಂಡಂತಿದೆ. ಬಸ್ಸು ಕಣಿವೆಗೆ ಉರುಳಿದರೆ ದುರಂತ, ಮಳೆಗೆ ಗೋಡೆ ಕುಸಿದರೆ ದುರಂತ, ಮದುವೆಯೂಟ ಉಂಡು ಹತ್ತು ಜನ ಆಸ್ಪತ್ರೆ ಸೇರಿದರೆ ಅದೂ ದುರಂತವೇ. ಬೆಳಿಗ್ಗೆ ಗಾಡಿಯಲ್ಲಿ ನಿಂತುಕೊಂಡು ಓದಿದ ಈ ಪದವನ್ನೇ ನಾವು ಹನ್ನೊಂದು ಗಂಟೆಗೆ ತರಗತಿಯಲ್ಲಿ ಕೂತು ಈಡಿಪಸ್ಸಿಗೂ ಕರ್ಣನಿಗೂ ಚೋಮನಿಗೂ ಅಂಟಿಸುತ್ತೇವೆ. ಒಂದೇ ಎತ್ತಿಗೆ ಊರಿನ ಗಾಡಿಗಳನ್ನೆಲ್ಲ ಕಟ್ಟಿದರೆ ಅದು ಯಾವುದನ್ನೂ ಎಳೆಯಲಾರದು. ಈ ಪದದ ಗತಿಯೂ ಹಾಗೇ ಆಗಿದೆ ಅನ್ನುವುದು ನನ್ನ ದೂರು.

ದೂರು ಸುಮ್ಮನೆ ಹುಟ್ಟಿದ್ದಲ್ಲ. ಸಂಘದ ಕಥಾಸ್ಪರ್ಧೆಗೆ ಬಂದ ಕಥೆಗಳನ್ನು ಈ ಸಲ ಓದಿದವರಲ್ಲಿ ನಾನೂ ಒಬ್ಬ. ಮುಕ್ಕಾಲುಪಾಲು ಕಥೆಗಳಲ್ಲಿ ಕೊನೆಯ ಪುಟಕ್ಕೆ ಬರುವಾಗ ಯಾರಾದರೊಬ್ಬರು ಸಾಯುತ್ತಾರೆ. ಊರಿನ ಕಥೆಗಾರರಿಗೆ ಇದಕ್ಕೆ ಕೆರೆ, ಬಾವಿ ಬೇಕಾಗುತ್ತಿತ್ತು. ನಾವು ಮುಂಬಯಿಯವರು, ನಮಗೆ ಲೋಕಲ್ ಗಾಡಿ ಸಾಕು. ಹೋಟೆಲಿನಲ್ಲಿ ದುಡಿದು ರಾತ್ರಿ ಕಾಲೇಜಿನಲ್ಲಿ ಓದುವ ಹುಡುಗ, ಊರಲ್ಲಿ ಕಾಯಿಲೆಯ ತಾಯಿ, ಕೈಕೊಟ್ಟ ಹುಡುಗಿ, ಒಂದು ತಂತಿ ಅಥವಾ ಫೋನು, ಅವಸರದಲ್ಲಿ ಹಳಿ ದಾಟುವ ಹುಡುಗ, ವೇಗದ ಗಾಡಿ. ಮುಗೀತು. ಇದ್ಯಾಕೆ ಹೀಗೆ ಅಂತ ಒಬ್ಬ ಕಥೆಗಾರ ಮಿತ್ರನನ್ನು ಕೇಳಿದರೆ ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಟ್ರ್ಯಾಜಿಡಿ ಅಲ್ವಾ ಮಾರಾಯ, ಸಾಯದೆ ಹೇಗೆ?"

ಸಾಯದೆಯೂ ಆಗುತ್ತದೆ. ಟ್ರ್ಯಾಜಿಡಿ ಹುಟ್ಟಿದ ಮನೆಯಲ್ಲೇ ಅದಕ್ಕೆ ಸಾಕ್ಷಿಯಿದೆ. ಕ್ರಿ.ಪೂ. 458ರಲ್ಲಿ ಅಥೆನ್ಸಿನ ಉತ್ಸವದಲ್ಲಿ ಆಡಿದ ಈಸ್ಕಿಲಸ್ಸನ ಮೂರು ನಾಟಕಗಳ ಮಾಲೆ ಮುಗಿಯುವುದು ಖುಲಾಸೆಯಲ್ಲಿ. ತಾಯಿಯನ್ನು ಕೊಂದ ಒರೆಸ್ಟಿಸನ ಮೇಲೆ ವಿಚಾರಣೆ ನಡೆದು, ಮತಗಳು ಸಮಸಮವಾಗಿ, ಅವನು ಬಿಡುಗಡೆಯಾಗುತ್ತಾನೆ. ಅದನ್ನು ಗ್ರೀಕರು ಟ್ರ್ಯಾಜಿಡಿ ಅಂತಲೇ ಕರೆದರು. ಅರಿಸ್ಟಾಟಲನೂ ಒಂದು ಕಡೆ ಸುಖದಿಂದ ದುಃಖಕ್ಕೆ ಇಳಿಯುವ ಕಥೆಯೇ ಮೇಲು ಅನ್ನುತ್ತಾನೆ. ಮುಂದಿನ ಅಧ್ಯಾಯದಲ್ಲೇ, ಕೊಲ್ಲಲು ಕೈಯೆತ್ತಿದವರು ಎದುರಿಗಿರುವವನು ತಮ್ಮವನೆಂದು ಗುರುತು ಹಿಡಿದು ಕೈ ಇಳಿಸುವ ಕಥೆಯನ್ನು ಅತ್ಯುತ್ತಮ ಅನ್ನುತ್ತಾನೆ. ಇವೆರಡನ್ನೂ ಹೊಂದಿಸಲು ವಿದ್ವಾಂಸರು ಇಂದಿಗೂ ಜಗಳಾಡುತ್ತಿದ್ದಾರೆ, ಅದು ಅವರ ಪಾಡು. ಹೆಣ ಬಿದ್ದರೆ ಮಾತ್ರ ಟ್ರ್ಯಾಜಿಡಿ ಅನ್ನುವ ನಿಯಮ ಮೂಲಗ್ರಂಥದಲ್ಲಿ ಇಲ್ಲ ಅನ್ನುವಷ್ಟು ನಮಗೆ ಸಾಕು.

ನಮ್ಮಲ್ಲೇ ನೋಡಿ. ಗಿರೀಶ ಕಾರ್ನಾಡರ 'ತುಘಲಕ್' (1964) ಮುಗಿಯುವಾಗ ಸುಲ್ತಾನ ಬದುಕಿಯೇ ಇದ್ದಾನೆ. ಅವನ ಸುತ್ತ ರಾಶಿರಾಶಿ ಜನ ಸತ್ತಿದ್ದಾರೆ, ನಿಜ. ಆದರೆ ನಮ್ಮನ್ನು ಕಂಗೆಡಿಸುವುದು ಆ ಲೆಕ್ಕವಲ್ಲ. ತನ್ನ ಕಾಲಕ್ಕಿಂತ ಮುಂದೆ ಯೋಚಿಸಬಲ್ಲ ಒಬ್ಬನ ಬುದ್ಧಿಯೇ, ರಾಜಧಾನಿಯನ್ನು ದೌಲತಾಬಾದಿಗೆ ಒಯ್ದ, ತಾಮ್ರದ ನಾಣ್ಯ ಹೊರಡಿಸಿದ ಆ ಬುದ್ಧಿಯೇ, ಅವನನ್ನು ನಿದ್ದೆಯಿಲ್ಲದ ಒಂಟಿಯನ್ನಾಗಿ ಸಿಂಹಾಸನದ ಮೇಲೆ ಕೂರಿಸುತ್ತದೆ. ಅವನು ಸತ್ತಿದ್ದರೆ ನಮಗೆ ಹಗುರಾಗುತ್ತಿತ್ತು.

ಪದದ ವಿಷಯಕ್ಕೇ ಇನ್ನೊಂದು ಮಾತು. ಸಂಸ್ಕೃತದಲ್ಲಿ 'ದುರಂತ'ಕ್ಕೆ ಕೆಟ್ಟ ಕೊನೆಯುಳ್ಳದ್ದು ಎಂಬ ಅರ್ಥ ಇದೆ. ಅದರ ಜೊತೆಗೇ ಕೊನೆಯೇ ಇಲ್ಲದ್ದು, ದಡ ಕಾಣದ್ದು ಎಂಬ ಅರ್ಥವೂ ಇದೆ. ನಾವು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಮರೆತೆವು. ಬಿ.ಎಂ.ಶ್ರೀಯವರು ಸಾಫೊಕ್ಲಿಸನ 'ಅಯಾಸ್' ನಾಟಕವನ್ನು ಕನ್ನಡಕ್ಕೆ ಒಗ್ಗಿಸಿ 1929ರಲ್ಲಿ 'ಅಶ್ವತ್ಥಾಮನ್' ಕೊಟ್ಟಾಗ, ಗ್ರೀಕ್ ವೀರನ ಹಾಗೆ ನಮ್ಮ ಅಶ್ವತ್ಥಾಮನೂ ಪ್ರಾಣ ಬಿಡಬೇಕಾಯಿತು. ಚಿರಂಜೀವಿಯನ್ನು ಕೊಲ್ಲಬಹುದೆ ಎಂದು ಕೆಲವರಿಗೆ ಕಸಿವಿಸಿಯಾಯಿತು. ಕಸಿವಿಸಿ ಶಾಸ್ತ್ರದ್ದು ಇರಬಹುದು, ನನ್ನದು ಬೇರೆ. ವ್ಯಾಸಭಾರತದಲ್ಲಿ ಅಶ್ವತ್ಥಾಮನಿಗೆ ಸಿಕ್ಕಿದ ಶಾಪ ಸಾವಲ್ಲ. ಮೂರು ಸಾವಿರ ವರ್ಷ, ಮಾತಾಡಿಸುವವರಿಲ್ಲದೆ, ರಕ್ತ ಕೀವು ನಾರುತ್ತ ಅಲೆಯಬೇಕು. ಮಲಗಿದ್ದ ಮಕ್ಕಳನ್ನು ಕತ್ತಲಲ್ಲಿ ಕೊಂದವನು ಆ ಕತ್ತಲನ್ನು ಹೊತ್ತು ನಡೆಯುತ್ತಲೇ ಇರಬೇಕು. ಇದು ಎರಡನೆಯ ಅರ್ಥದ ದುರಂತ. ಶ್ರೀಯವರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಗ್ರೀಕ್ ಅಚ್ಚಿಗೆ ಹೊಯ್ಯುವ ಮೊದಲೇ ನಮ್ಮ ಅಶ್ವತ್ಥಾಮ ಹೆಚ್ಚು ಭಯಂಕರನಾಗಿದ್ದ.

ಸರಿ, ಸಾವು ಲಕ್ಷಣವಲ್ಲ. ಹಾಗಾದರೆ ಯಾವುದು?

ಪರೀಕ್ಷೆಯ ಗೈಡುಗಳಲ್ಲಿ ಸಿದ್ಧ ಉತ್ತರ ಇದೆ. ನಾಯಕ ದೊಡ್ಡವನಾಗಿರಬೇಕು, ಅವನಲ್ಲೊಂದು ದೋಷ ಇರಬೇಕು, ಆ ದೋಷದಿಂದ ಅವನು ಬೀಳಬೇಕು. ಮ್ಯಾಕ್‌ಬೆತ್‌ಗೆ ಮಹತ್ವಾಕಾಂಕ್ಷೆ, ಒಥೆಲೊಗೆ ಮತ್ಸರ, ಹ್ಯಾಮ್ಲೆಟ್‌ಗೆ ಮೀನಮೇಷ. ಐದು ಅಂಕದ ಪ್ರಶ್ನೆಗೆ ಇದು ಸಾಕು. ಆದರೆ ಇದು ಟ್ರ್ಯಾಜಿಡಿಯನ್ನು ವೈದ್ಯರ ಚೀಟಿ ಮಾಡಿಬಿಡುತ್ತದೆ. ಇಂಥ ರೋಗ, ಆದ್ದರಿಂದ ಇಂಥ ಮರಣ. ಅರಿಸ್ಟಾಟಲ್ ಬಳಸಿದ 'ಹಮಾರ್ಷಿಯ' ಎಂಬ ಮಾತಿಗೆ ಗುಣದೋಷ ಅಂತಲ್ಲ, ಗುರಿ ತಪ್ಪುವುದು, ಎಡವುವುದು ಎಂಬ ಅರ್ಥ. ಬಿಲ್ಲುಗಾರ ನೆಟ್ಟಗೇ ನಿಂತಿದ್ದಾನೆ, ಕೈಯೂ ಪಳಗಿದೆ, ಬಾಣ ಮಾತ್ರ ಬೇರೆಲ್ಲೋ ನಾಟಿತು. ಗೈಡಿನವರು ಇದನ್ನು ದೋಷ ಮಾಡಿದ್ದರಿಂದ ನಮಗೊಂದು ಸಮಾಧಾನ ಸಿಗುತ್ತದೆ. ಅವನಿಗೆ ಆ ದೋಷ ಇತ್ತಪ್ಪ, ನಮಗಿಲ್ಲವಲ್ಲ!

ನನಗೆ ತೋರುವುದು ತಿರುಗುಮುರುಗು. ಟ್ರ್ಯಾಜಿಡಿಯಲ್ಲಿ ಮನುಷ್ಯನನ್ನು ಕೆಡವುವುದು ಅವನ ದೋಷವಲ್ಲ. ನಾವು ಅವನನ್ನು ಯಾವ ಗುಣಕ್ಕಾಗಿ ಮೆಚ್ಚಿಕೊಂಡಿದ್ದೇವೋ ಅದೇ ಗುಣ. ಅವನ ಮುಂದೆ ಒಂದು ಬಾಗಿಲು ತೆರೆದಿರುತ್ತದೆ, ನಮಗೂ ಅದು ಕಾಣುತ್ತಿರುತ್ತದೆ, ಆ ಗುಣವೇ ಅದನ್ನು ಮುಚ್ಚಿಬಿಡುತ್ತದೆ.

ಈಡಿಪಸನ ತಂದೆಯ ಕೊಲೆ, ತಾಯಿಯ ಮದುವೆ ಇವೆಲ್ಲ ನಾಟಕ ಶುರುವಾಗುವ ಮೊದಲೇ ನಡೆದು ಹೋಗಿವೆ. ಅವು ವಿಧಿಯ ಬಾಬ್ತು. ನಾಟಕದ ಒಳಗೆ ನಡೆಯುವುದು ಒಂದು ವಿಚಾರಣೆ ಮಾತ್ರ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಬೇಡ ಅನ್ನುತ್ತಾನೆ, ಯೊಕಾಸ್ಟ ಬೇಡ ಅನ್ನುತ್ತಾಳೆ, ಕೊನೆಗೆ ಮುದಿ ಕುರುಬ ಬಾಯಿಬಿಡಲಾರೆನೆಂದು ಗೋಗರೆಯುತ್ತಾನೆ. ಮೂರು ಸಲ ಬಾಗಿಲು ತೆರೆದಿತ್ತು. ಒಂದು ಸಲ ಅವನು ಹೋಗಲಿ ಬಿಡು ಅಂದಿದ್ದರೆ ಆಗುತ್ತಿತ್ತು. ಆದರೆ ಹೋಗಲಿ ಬಿಡು ಅನ್ನುವವನಾಗಿದ್ದರೆ ಅವನು ಈ ಮೊದಲು ಒಗಟು ಬಿಡಿಸಿ ಥೀಬ್ಸನ್ನು ಉಳಿಸುತ್ತಲೇ ಇರಲಿಲ್ಲ. ಪಿಡುಗಿನಿಂದ ಸಾಯುತ್ತಿರುವ ಪ್ರಜೆಗಳಿಗಾಗಿ ಸತ್ಯ ಹುಡುಕಲು ಹೊರಡುತ್ತಲೂ ಇರಲಿಲ್ಲ. ಇದನ್ನು ದೋಷ ಅನ್ನುವುದಾದರೆ ನಮಗೆಲ್ಲ ಅಂಥ ದೋಷ ಒಂದಿಷ್ಟು ಇದ್ದರೆ ಒಳ್ಳೆಯದಿತ್ತು. ಲಂಕೇಶರ 'ದೊರೆ ಈಡಿಪಸ್' ಓದಿಲ್ಲದವರು ಇಂಗ್ಲಿಷ್ ಬಿಟ್ಟು ಒಮ್ಮೆ ಅದನ್ನು ಓದಬೇಕು.

ಗ್ರೀಕರವರೆಗೂ ಹೋಗಬೇಕಾಗಿಲ್ಲ. ನಮ್ಮ ಊರಿನ ಸಭಾಭವನಗಳಲ್ಲಿ ಭಾನುವಾರ ನಡೆಯುವ ತಾಳಮದ್ದಲೆಗೆ ಹೋಗಿ ಕೂತರೆ ಸಾಕು. 'ಕರ್ಣಭೇದನ' ಪ್ರಸಂಗ ಇದ್ದರಂತೂ ತಪ್ಪಿಸಬೇಡಿ. (ತುಳುನಾಡಿನವರಲ್ಲದ ಮಿತ್ರರಿಗೆ ಹೇಳಿಬಿಡುತ್ತೇನೆ: ತಾಳಮದ್ದಲೆ ಎಂದರೆ ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಅರ್ಥಧಾರಿಗಳ ಮಾತು, ಇಷ್ಟೆ.) ಕೃಷ್ಣ ಕರ್ಣನ ಹತ್ತಿರ ಬಂದು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ನೀನು ಕೌಂತೇಯ, ಪಾಂಡವರಿಗೆ ಅಣ್ಣ, ಸಿಂಹಾಸನ ನಿನ್ನದು, ಬಾ. ಬಾಗಿಲು ಅಂದರೆ ಇದಕ್ಕಿಂತ ದೊಡ್ಡ ಬಾಗಿಲು ಯಾವುದಿದೆ? ಕರ್ಣ ಹೋಗುವುದಿಲ್ಲ. ಸೂತಪುತ್ರ ಎಂದು ಲೋಕವೆಲ್ಲ ನಕ್ಕಾಗ ಕೈಹಿಡಿದವನನ್ನು ಈಗ ಬಿಟ್ಟುಹೋಗಲಾರೆ ಅನ್ನುತ್ತಾನೆ.

ಇದರಲ್ಲಿ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುವ ಸಂಗತಿಯೊಂದಿದೆ. ತಾಳಮದ್ದಲೆಯ ಮಾತು ಬರೆದಿಟ್ಟದ್ದಲ್ಲ. ಕೃಷ್ಣನ ಅರ್ಥ ಹೇಳುವವರು ಅಲ್ಲೇ ಹೊಸ ವಾದ ಹೂಡುತ್ತಾರೆ, ಎದುರಿಗೆ ಕೂತ ಕರ್ಣನನ್ನು ನಿಜವಾಗಿ ಸಿಕ್ಕಿಸಿ ಹಾಕಲು ನೋಡುತ್ತಾರೆ. ಕರ್ಣನ ಅರ್ಥಧಾರಿ ಆ ಕ್ಷಣಕ್ಕೆ ತನ್ನ ಬುದ್ಧಿಯಿಂದಲೇ ಉತ್ತರ ಹುಡುಕಬೇಕು. ಕೆಲವು ಸಲ ಕೃಷ್ಣನ ವಾದ ಎಷ್ಟು ಬಲವಾಗಿರುತ್ತದೆ ಎಂದರೆ, ಇವತ್ತು ಇವನು ಒಪ್ಪಿಬಿಡುತ್ತಾನೆ ಅಂತ ಸಭೆಯೇ ಮುಂದಕ್ಕೆ ಬಾಗುತ್ತದೆ. ಪ್ರಸಂಗ ಎಲ್ಲರಿಗೂ ಗೊತ್ತು, ಕೊನೆ ಗೊತ್ತು, ಆದರೂ! ಮಾತು ಪೂರ್ತಿ ಸ್ವತಂತ್ರ, ಕಥೆ ಮಾತ್ರ ಕಟ್ಟಿಟ್ಟದ್ದು. ಬೇಕಾದ್ದು ಹೇಳಬಲ್ಲ ಮನುಷ್ಯ ಪ್ರತಿ ಸಲವೂ ಅದೇ 'ಇಲ್ಲ'ಕ್ಕೆ ಬಂದು ಮುಟ್ಟುತ್ತಾನೆ, ಯಾಕೆಂದರೆ ಅವನು ಕರ್ಣ. ಟ್ರ್ಯಾಜಿಡಿಯ ಬಗ್ಗೆ ನಾನು ಓದಿದ ಪುಸ್ತಕಗಳಿಗಿಂತ ಇದು ನನಗೆ ಹೆಚ್ಚು ಕಲಿಸಿತು.

ಈಡಿಪಸನಿಗೂ ಕರ್ಣನಿಗೂ ಒಂದು ವ್ಯತ್ಯಾಸವಿದೆ. ಗ್ರೀಕನಿಗೆ ಅರಿವು ಬರುವುದು ಮಾಡಿದ ಮೇಲೆ. ನಮ್ಮವನಿಗೆ ಮಾಡುವ ಮೊದಲು. ಕರ್ಣ ಎಲ್ಲ ತಿಳಿದುಕೊಂಡೇ, ತಮ್ಮಂದಿರೆಂದು ಗೊತ್ತಿದ್ದೇ ರಣರಂಗಕ್ಕೆ ಹೋಗುತ್ತಾನೆ. 941ರ ಸುಮಾರಿಗೆ ಬರೆದ ಪಂಪ, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿ ಕಾವ್ಯ ಕಟ್ಟಿದವನು, ಅರ್ಜುನನ ವೈರಿಯಾದ ಕರ್ಣನ ಕಡೆಗೆ ಅಷ್ಟೊಂದು ವಾಲಿದ್ದು ಸುಮ್ಮನೆಯಲ್ಲ. ಸಂಸ್ಕೃತ ನಾಟಕಶಾಸ್ತ್ರ ದುಃಖದ ಮುಕ್ತಾಯವನ್ನು ಒಲ್ಲೆ ಅಂದಿತು, ಆದ್ದರಿಂದ ಭಾರತೀಯರಲ್ಲಿ ಟ್ರ್ಯಾಜಿಡಿಯೇ ಇಲ್ಲ ಅಂತ ಇಂಗ್ಲಿಷ್ ಪ್ರಾಧ್ಯಾಪಕರು ಹೇಳುವುದುಂಟು. ಭಾಸನ 'ಊರುಭಂಗ' 1912ರಲ್ಲಿ ತಿರುವನಂತಪುರದಿಂದ ಅಚ್ಚಾಗಿ ಬಂದ ಮೇಲೆಯೂ ಹೇಳುತ್ತಾರೆ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದುಹೋಗುವಾಗ ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಶೌರ್ಯಕ್ಕೆ ತಲೆಬಾಗುತ್ತಾನೆ. ಇದನ್ನು ಓದಿಯೂ ನಮ್ಮಲ್ಲಿ ಟ್ರ್ಯಾಜಿಡಿ ಇಲ್ಲ ಅನ್ನುವವರ ಜೊತೆ ವಾದ ಮಾಡುವುದು ನನ್ನ ಕೈಲಾಗದು.

ಇನ್ನು ಕಾದಂಬರಿಗೆ ಬರೋಣ, ನಮ್ಮ ಜಗಳ ಇರುವುದೇ ಅಲ್ಲಿ.

ಶಿವರಾಮ ಕಾರಂತರ 'ಚೋಮನ ದುಡಿ' (1933) ನಮ್ಮಲ್ಲಿ ಹಲವರು ಓದಿದ ಪುಸ್ತಕ, ಓದದವರು ಬಿ.ವಿ.ಕಾರಂತರ ಚಿತ್ರ (1975) ನೋಡಿರುತ್ತಾರೆ. ಸ್ವರ್ಣಕಮಲ ಪಡೆದ ಚಿತ್ರ, ಚೋಮನಾದ ಎಂ.ವಿ.ವಾಸುದೇವರಾಯರಿಗೂ ರಾಷ್ಟ್ರಪ್ರಶಸ್ತಿ ಬಂತು. ಗೋಷ್ಠಿಗಳಲ್ಲಿ ಇದರ ಮೇಲೆ ಮಾತಾಡುವವರೆಲ್ಲ ಒಂದೇ ವಾಕ್ಯ ಹೇಳುತ್ತಾರೆ: ಅಸ್ಪೃಶ್ಯತೆಗೂ ಸಾಲಕ್ಕೂ ಬಲಿಯಾದ ಜೀತದಾಳಿನ ದುರಂತ. ವಾಕ್ಯ ಸುಳ್ಳಲ್ಲ. ಆದರೆ ಅದು ಎರಡು ಬೇರೆಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ.

ಮೊದಲನೆಯದು ನೀಲನ ಸಾವು. ಚೋಮನ ಕಿರಿಯ ಮಗ ನೀರಿನಲ್ಲಿ ಮುಳುಗುತ್ತಾನೆ. ಅವನನ್ನು ಎಳೆದು ದಡಕ್ಕೆ ಹಾಕಬಹುದಾಗಿತ್ತು. ಮುಟ್ಟಬಾರದ ಜಾತಿಯ ಹುಡುಗ ಎಂದು ಯಾರೂ ಮುಟ್ಟಲಿಲ್ಲ. ಓದಿದವರಿಗೆ ಗಂಟಲು ಕಟ್ಟುತ್ತದೆ. ಆದರೆ ಇದು ದುರಂತವೆ? ನಾನು ಅಲ್ಲ ಅನ್ನುತ್ತೇನೆ, ಗಟ್ಟಿಯಾಗಿ. ಇದು ಅಪರಾಧ. ಇಲ್ಲಿ ಬಾಗಿಲು ನೀಲನ ಕೈಯಲ್ಲಿ ಇರಲಿಲ್ಲ, ದಡದಲ್ಲಿ ನಿಂತವರ ಕೈಯಲ್ಲಿತ್ತು. ಅವರು ಮುಚ್ಚಿದರು. ಇಂಥದ್ದನ್ನು ದುರಂತ ಎಂದು ಕರೆದ ಕೂಡಲೆ ವಿಧಿ, ಕರ್ಮ, ಅಯ್ಯೋ ಪಾಪ ಎಲ್ಲ ಒಳಗೆ ಬಂದು, ದಡದಲ್ಲಿದ್ದವರು ಮೆಲ್ಲನೆ ಹಿಂದೆ ಸರಿದು ಮರೆಯಾಗುತ್ತಾರೆ.

ಎರಡನೆಯದು ಚೋಮ ಹಿಂದಿರುಗಿದ್ದು. ಅವನ ಜೀವಮಾನದ ಆಸೆ ಒಂದೇ: ತುಂಡು ಭೂಮಿ ಗೇಣಿಗೆ ಸಿಗಬೇಕು, ತಾನು ಸಾಕಿದ ಎತ್ತುಗಳನ್ನು ಕಟ್ಟಿ ತನ್ನದೇ ಬೇಸಾಯ ಮಾಡಬೇಕು. ಕಾಡಿನಲ್ಲಿ ಸಿಕ್ಕಿದ ಆ ಜೋಡಿಯನ್ನು ಇನ್ನೊಬ್ಬರ ಗದ್ದೆಗೆ ಕಟ್ಟಲು ಕೂಡ ಅವನು ಒಪ್ಪುವುದಿಲ್ಲ. ಒಡೆಯ ಸಂಕಪ್ಪಯ್ಯನ ಮನೆಯಿಂದ ಭೂಮಿ ಬರುವುದಿಲ್ಲ, ಅವನ ಜಾತಿಯವರು ಬೇಸಾಯಗಾರರಾಗುವ ಪದ್ಧತಿ ಇಲ್ಲವಂತೆ. ಮಕ್ಕಳು ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯ ಕಾಯಿಲೆಯಲ್ಲಿ ಸಾಯುತ್ತಾನೆ, ಗುರುವ ಕ್ರೈಸ್ತರ ಹುಡುಗಿಯನ್ನು ಕಟ್ಟಿಕೊಂಡು ಆ ಮತಕ್ಕೆ ಸೇರುತ್ತಾನೆ. ನೀಲನೂ ಹೋದ ಮೇಲೆ ಚೋಮನಿಗೂ ಅದೇ ದಾರಿ ಕಾಣುತ್ತದೆ. ಮತ ಬದಲಿಸಿದರೆ ಪಾದ್ರಿಗಳ ಕಡೆಯಿಂದ ಭೂಮಿ ಸಿಗುತ್ತದೆ. ಅವನು ಹೊರಡುತ್ತಾನೆ. ದಾರಿಯಲ್ಲಿ ತಲೆಮಾರಿನಿಂದ ನಂಬಿಕೊಂಡು ಬಂದ ಭೂತ ಅವನನ್ನು ತಡೆಯುತ್ತದೆ. ಹೊರಗೆ ಯಾರೂ ತಡೆದಿಲ್ಲ, ಒಳಗಿನಿಂದ. ಅವನು ತಿರುಗಿ ನಡೆಯುತ್ತಾನೆ.

ದುರಂತ ಇಲ್ಲಿದೆ. ಬಾಗಿಲು ನಿಜವಾಗಿ ತೆರೆದಿತ್ತು; ಗುರುವ ಅದರಲ್ಲಿ ನುಗ್ಗಿ ಬದುಕಿಕೊಂಡಿದ್ದೇ ಅದಕ್ಕೆ ಸಾಕ್ಷಿ. ಕಾರಂತರು ಗುರುವನನ್ನು ಕಥೆಯಲ್ಲಿ ಇಟ್ಟದ್ದು ಎಷ್ಟು ಮುಖ್ಯ ಅನ್ನುವುದು ನನಗೆ ಎರಡನೆಯ ಓದಿನಲ್ಲಿ ಹೊಳೆಯಿತು. ಗುರುವ ಇಲ್ಲದಿದ್ದರೆ ಚೋಮ ಬರೀ ಮೂಲೆಗೆ ಸಿಕ್ಕಿದ ಪ್ರಾಣಿ ಆಗುತ್ತಿದ್ದ. ಭೂಮಿಗಾಗಿ ಎಲ್ಲ ಕೊಡಬಲ್ಲ ಚೋಮ ತನ್ನ ಭೂತವನ್ನು ಕೊಡಲಾರ. ಒಡೆಯನಿಗೂ ಸಾಲಕ್ಕೂ ಬಗ್ಗದ ಹಟ ಯಾವುದೋ, ಎತ್ತುಗಳನ್ನು ಬೇರೆಯವರ ನೊಗಕ್ಕೆ ಕೊಡದ ನಿಷ್ಠೆ ಯಾವುದೋ, ಅದೇ ಹಟ, ಅದೇ ನಿಷ್ಠೆ ಇಲ್ಲಿ ಅವನಿಗೇ ಎದುರಾಗಿ ನಿಲ್ಲುತ್ತದೆ. ಮನೆಗೆ ಬಂದರೆ ಮಗಳು ಬೆಳ್ಳಿ ತೋಟದ ರೈಟರ್ ಮನ್ವೇಲನ ಜೊತೆ ಇದ್ದಾಳೆ. ಆಮೇಲೆ ಎತ್ತುಗಳನ್ನು ಕಾಡಿಗೆ ಅಟ್ಟುವುದು, ಬಾಗಿಲು ಹಾಕಿಕೊಳ್ಳುವುದು, ದುಡಿ. ಕೊನೆಯಲ್ಲಿ ಅವನು ಸಾಯುತ್ತಾನೆ, ಹೌದು. ಅವನು ಸತ್ತದ್ದು ಬಾಗಿಲು ಹಾಕಿಕೊಂಡಾಗಲ್ಲ, ದಾರಿಯಲ್ಲಿ ತಿರುಗಿ ನಿಂತಾಗ.

ಇದನ್ನು ಗೋಷ್ಠಿಯಲ್ಲಿ ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ಗೆಳೆಯನೊಬ್ಬ ಎದ್ದು ನಿಂತ. ಅವನ ಮಾತನ್ನು ಆದಷ್ಟು ಹಾಗೇ ಕೊಡುತ್ತೇನೆ. "ಚೋಮನಿಗೆ ಆಯ್ಕೆ ಇತ್ತು ಅನ್ನೋದು ಹೊಟ್ಟೆ ತುಂಬಿದವರ ಮಾತು. ಭೂಮಿ ಬೇಕಾದರೆ ದೇವರನ್ನು ಮಾರು ಅಂತ ಬ್ರಾಹ್ಮಣನಿಗೆ ಯಾರಾದರೂ ಹೇಳಿದ್ದರಾ? ನೀವು ಅದನ್ನ ಬಾಗಿಲು ಅಂತೀರಿ. ನಾನು ಅದನ್ನ ಬಲೆ ಅಂತೀನಿ. ಅವನ ಸಾವನ್ನ ದೊಡ್ಡದು ಮಾಡಿ ಹಾಡಿ ಹೊಗಳಿದರೆ ಯಾರಿಗೆ ಲಾಭ?"

ಇದಕ್ಕೆ ಚಪ್ಪಾಳೆ ಬಿತ್ತು, ಬೀಳಬೇಕಾದ್ದೇ. ನನ್ನಲ್ಲಿ ಪೂರ್ತಿ ಉತ್ತರ ಇಲ್ಲ, ಅರ್ಧ ಇದೆ. ಬಾಗಿಲನ್ನು ಅಷ್ಟು ಗಿಡ್ಡ ಮಾಡಿದವರು ಬೇರೆ, ಅವರ ಮೇಲಿನ ಮೊಕದ್ದಮೆ ಹಾಗೇ ಇರಲಿ. ನೀಲನ ಸಾವಿನ ಜೊತೆ ಇದನ್ನೂ ಸೇರಿಸಿಕೊಳ್ಳೋಣ. ಆದರೆ ಬಗ್ಗಿ ಒಳಹೋಗದೆ ಹಿಂದಿರುಗಿದ್ದು ಚೋಮನೇ. ಅದನ್ನೂ ವ್ಯವಸ್ಥೆಯ ಲೆಕ್ಕಕ್ಕೆ ಬರೆದರೆ ಅವನಿಗೆ ಉಳಿದಿದ್ದ ಒಂದೇ ಸ್ವತ್ತನ್ನೂ, ಇಲ್ಲ ಅನ್ನುವ ಅಧಿಕಾರವನ್ನೂ, ನಾವು ಕಿತ್ತುಕೊಂಡ ಹಾಗಾಗುತ್ತದೆ. ಕರ್ಣ ಇಲ್ಲ ಅಂದರೆ ಮಹಾಪುರುಷ, ಚೋಮ ಇಲ್ಲ ಅಂದರೆ ಬರೀ ಬಲಿಪಶು. ಈ ಎರಡು ತೂಕದ ಬಟ್ಟು ನನಗೆ ಒಪ್ಪಿಗೆಯಿಲ್ಲ. ದೊರೆಗಳಿಗೆ ಮಾತ್ರ ದುರಂತ, ಕೂಲಿಯವರಿಗೆ ಕಷ್ಟ ಎಂಬ ಹಳೆಯ ನಿಯಮವನ್ನು ಕಾರಂತರು 1933ರಲ್ಲೇ ಮುರಿದಿದ್ದಾರೆ. ನಾವು ಮತ್ತೆ ಜೋಡಿಸುವುದು ಬೇಡ.

ಎಲ್ಲ ಒಳ್ಳೆಯ ದುಃಖದ ಕಥೆಯೂ ದುರಂತ ಆಗಬೇಕಾಗಿಲ್ಲ ಅನ್ನುವುದಕ್ಕೆ ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ' ಇದೆ. ಕಾಸರವಳ್ಳಿಯವರ ಚಿತ್ರದಲ್ಲಿ ಚಾರುಹಾಸನ್ ಅವರ ತಬರನನ್ನು ನೋಡಿದವರಿಗೆ ಮರೆಯುವುದು ಕಷ್ಟ. ನಿವೃತ್ತ ಜವಾನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತದೆ, ದುಡ್ಡು ಬರುವಷ್ಟರಲ್ಲಿ ಅವಳಿಲ್ಲ. ಇದರಲ್ಲಿ ತಬರ ಮುಚ್ಚಿದ ಬಾಗಿಲು ಯಾವುದೂ ಇಲ್ಲ. ಎಲ್ಲ ಬಾಗಿಲೂ ತಟ್ಟಿದ. ಆದ್ದರಿಂದ ನಮಗೆ ಬರುವುದು ಸಿಟ್ಟು. ಆ ಸಿಟ್ಟಿಗೆ ವಿಳಾಸವೂ ಗೊತ್ತಿದೆ. ಇದು ದುರಂತ ಅಲ್ಲ ಅಂದರೆ ಕಥೆಯನ್ನು ಕೆಳಗಿಳಿಸಿದಂತೆ ಎಂದು ಭಾವಿಸಬಾರದು. ತೇಜಸ್ವಿಯವರಿಗೆ ಬೇಕಾಗಿದ್ದದ್ದು ಆ ಸಿಟ್ಟೇ. ಓದಿ ಮುಗಿಸಿ, ಅಯ್ಯೋ ವಿಧಿಯೇ ಅಂತ ಕಣ್ಣೊರೆಸಿಕೊಂಡರೆ ಅವರಿಗೆ ನಾವು ಮೋಸ ಮಾಡಿದಂತೆ.

ಪತ್ರಿಕೆಗಳ ಮೇಲೆ ನನ್ನ ತಕರಾರೂ ಇದೇ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಆಗ ಎಲ್ಫಿನ್‌ಸ್ಟನ್ ರೋಡ್ ಎಂದಿದ್ದ, 2018ರಿಂದ ಪ್ರಭಾದೇವಿ ಆದ ನಿಲ್ದಾಣದ ಪಾದಚಾರಿ ಸೇತುವೆಯ ಮೇಲೆ ಮಳೆಯಲ್ಲಿ ನೂಕುನುಗ್ಗಲಾಗಿ 23 ಮಂದಿ ಸತ್ತರು. ಆ ಸೇತುವೆ ಇಕ್ಕಟ್ಟು ಎಂದು ಜನ ಮೊದಲಿನಿಂದಲೂ ದೂರುತ್ತಿದ್ದರು. ಮರುದಿನ ಎಲ್ಲ ಭಾಷೆಯ ತಲೆಬರಹದಲ್ಲೂ ದುರಂತ. ಪದ ಎಷ್ಟು ಮೆತ್ತಗಿದೆ ನೋಡಿ. ಯಾರ ಮೈಗೂ ತಾಗುವುದಿಲ್ಲ. ನೀಲ ಮುಳುಗಿದ್ದು ಒಂದು ದಡದ ಎದುರು, ಇವರು ಇನ್ನೊಂದು ದಡದ ಎದುರು.

ಭೈರಪ್ಪನವರ 'ವಂಶವೃಕ್ಷ'ದ (1965) ಬಗ್ಗೆ ಹೇಳದೆ ಹೋದರೆ ಮೈಸೂರು ಕಡೆಯ ಮಿತ್ರರು ಸುಮ್ಮನಿರುವುದಿಲ್ಲ. ವಂಶದ ಶುದ್ಧಿಯನ್ನು ಧರ್ಮವೆಂದು ನಂಬಿ ಬದುಕಿದ ಶ್ರೀನಿವಾಸ ಶ್ರೋತ್ರಿಗಳಿಗೆ ಮುಪ್ಪಿನಲ್ಲಿ, ತಾನೇ ಆ ವಂಶದ ರಕ್ತದವನಲ್ಲ ಎಂದು ಗೊತ್ತಾಗುತ್ತದೆ. ಈಡಿಪಸನಿಗೆ ಸಮನಾದ ಅರಿವು. ಆದರೆ ನಮ್ಮ ಮನೆಗಳಿಗೆ ಹಿತ್ತಿಲ ಬಾಗಿಲು ಒಂದಿರುತ್ತದೆ, ಅದರ ಹೆಸರು ಸಂನ್ಯಾಸ. ಶ್ರೋತ್ರಿಗಳು ಅದರಿಂದ ಹೊರಟುಬಿಡುತ್ತಾರೆ. ನನ್ನ ಮಟ್ಟಿಗೆ ಆ ಕಾದಂಬರಿಯ ದುರಂತ ಉಳಿದಿರುವುದು ಕಾತ್ಯಾಯನಿಯ ಹತ್ತಿರ. ವಿಧವೆಯಾದ ಸೊಸೆ ಮರುಮದುವೆಯಾಗುತ್ತಾಳೆ, ಮಗುವನ್ನು ಕೇಳಲು ಬರುತ್ತಾಳೆ. ಶ್ರೋತ್ರಿಗಳು ಅಡ್ಡ ನಿಲ್ಲುವುದಿಲ್ಲ, ತೀರ್ಮಾನವನ್ನು ಅವಳಿಗೇ ಬಿಡುತ್ತಾರೆ. ಅವಳು ಬಿಟ್ಟು ಹೋಗುತ್ತಾಳೆ. ಕರುಣೆಯಿಂದ ಬಿಟ್ಟಳು, ಆ ಕರುಣೆಯೇ ಅವಳನ್ನು ಕೊನೆಯವರೆಗೆ ತಿಂದಿತು. ಅವಳಿಗೆ ಸಂನ್ಯಾಸದ ಹಿತ್ತಿಲೂ ಇಲ್ಲ.

ಹೆಂಗಸರಿಗೆ ನಾವು ಈ ಪದವನ್ನು ಎಷ್ಟು ಸಲೀಸಾಗಿ ಕೊಡದೆ ಬಿಡುತ್ತೇವೆ! ಚೋಮನ ಮನೆಗೇ ಇನ್ನೊಮ್ಮೆ ಹೋಗಿ ನೋಡಿ. ಅಪ್ಪನ ಸಾಲ ತೀರಿದ್ದು ಯಾರಿಂದ? ಇಬ್ಬರು ಅಣ್ಣಂದಿರು ಹೋಗಿ ತೀರಿಸಲಾಗದ್ದನ್ನು ಬೆಳ್ಳಿ ತೋಟಕ್ಕೆ ಹೋಗಿ, ಅಲ್ಲಿ ಕೊಡಬಾರದ ಬೆಲೆ ಕೊಟ್ಟು ತೀರಿಸಿ ಬರುತ್ತಾಳೆ. ಮನೆಗೆ ಬಂದು ಸಾಲ ಮುಗಿಯಿತು ಎಂದಷ್ಟೇ ಹೇಳುತ್ತಾಳೆ. ಹೇಗೆ ಮುಗಿಯಿತೆಂಬುದನ್ನು ನುಂಗಿಕೊಳ್ಳುತ್ತಾಳೆ. ಅಪ್ಪನಿಗೆ ಹೇಳಬಹುದಾಗಿತ್ತು, ಬಾಗಿಲು ತೆರೆದಿತ್ತು. ಅವನ ಮೇಲಿನ ಪ್ರೀತಿಯೇ ಅವಳ ಬಾಯಿ ಕಟ್ಟಿತು. ಆ ಮೌನದ ಕೊನೆಗೆ ಅಪ್ಪನ ಏಟನ್ನೂ ಅವಳೇ ತಿನ್ನುತ್ತಾಳೆ. ಅಪ್ಪನಿಗಾದರೆ ಬಡಿಯಲು ಒಂದು ದುಡಿ ಇತ್ತು.